ನಿಮಿತ್ತನ ಕೃತಜ್ಞತೆ

ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಆ ದಿನಗಳ ತಮ್ಮ ಮನಸ್ಸಿನ ಸ್ಥಿತಿಯನ್ನು ನೆನೆದು ಬರೆದ ಕೆಲವು ಮಾತುಗಳನ್ನು ಅವರ ಸ್ನೇಹಿತರೂ ಜೀವನಚರಿತ್ರೆಕಾರರೂ ಆದ ಜಾನ್ ಬ್ಯಾರನ್ ಉಳಿಸಿಕೊಟ್ಟಿದ್ದಾರೆ. ಲೋಕದ ಅತಿದೊಡ್ಡ ವಿಪತ್ತುಗಳಲ್ಲೊಂದನ್ನು ನೀಗುವ ಸಾಧನ ತಾನಾಗಬಹುದೆಂಬ ಸಂತೋಷ, ಅದರೊಂದಿಗೆ ಬೆರೆತ ಸ್ವಾವಲಂಬನೆಯ ಮತ್ತು ನೆಮ್ಮದಿಯ ಸಂಸಾರದ ಆಸೆ, ಎರಡೂ ಸೇರಿ ಕೆಲವೊಮ್ಮೆ ಹುಲ್ಲುಗಾವಲಿನಲ್ಲಿ ನಡೆಯುತ್ತಿದ್ದಾಗ ಅವರು ಮೈಮರೆಯುತ್ತಿದ್ದರು. ಆ ಆಲೋಚನೆಗಳೆಲ್ಲ ಕೊನೆಗೆ ಸಕಲ ಕರುಣೆಯ ಮೂಲವಾದ ಭಗವಂತನಿಗೆ ಸಲ್ಲಿಸುವ ವಂದನೆಯಲ್ಲಿ ಮುಗಿಯುತ್ತಿದ್ದವು ಎಂದೂ ಅವರು ಬರೆದಿದ್ದಾರೆ. ಬದುಕಿನ ಕೊನೆಗಾಲದಲ್ಲಿ ಇದೇ ಮಾತು ಇನ್ನಷ್ಟು ಖಚಿತವಾಯಿತು. ಜನ ತನಗೆ ಕೃತಜ್ಞರಾಗಿಲ್ಲವೆಂಬುದು ಅವರಿಗೆ ಆಶ್ಚರ್ಯ ತರಲಿಲ್ಲ. ತನ್ನನ್ನು ಒಳಿತಿನ ಮಾಧ್ಯಮವಾಗಿಸಿದ ದೇವರಿಗೆ ಜನ ಕೃತಜ್ಞರಾಗಿಲ್ಲವಲ್ಲ ಎಂಬುದೇ ಅವರನ್ನು ಕಾಡಿತು. ಇದನ್ನು ಆ ಕಾಲದ ಸಭ್ಯ ಮನುಷ್ಯನೊಬ್ಬನ ಶಿಷ್ಟಾಚಾರವೆಂದು ಬದಿಗಿಟ್ಟು ವಿಜ್ಞಾನದ ಕಥೆಯನ್ನಷ್ಟೇ ಹೇಳುವುದು ನಮಗೆ ರೂಢಿಯಾಗಿದೆ. ಹಾಗೆ ಬದಿಗಿಟ್ಟರೆ ನಾವು ದೊಡ್ಡದೊಂದನ್ನು ಕಳೆದುಕೊಳ್ಳುತ್ತೇವೆ. ತಾನು ನಿಮಿತ್ತ ಮಾತ್ರ ಎಂಬ ಜೆನ್ನರರ ಭಾವ ವಿನಯದ ಅಲಂಕಾರವಲ್ಲ; ಅದು ಆ ಶೋಧ ನಡೆದ ಬಗೆಯ ನಿಖರವಾದ ವಿವರಣೆ. ರೋಗ ದೈವೇಚ್ಛೆಯಾದರೆ ಅದನ್ನು ತಡೆಯುವುದು ಪಾಪವೇ ಎಂಬ ಹಳೆಯ ಪ್ರಶ್ನೆಗೆ ಸರಿಯಾದ ಉತ್ತರವೂ ಅದರಲ್ಲೇ ಇದೆ.

ಈ ಪ್ರಶ್ನೆ ಎಷ್ಟು ಭಾರವಾಗಿತ್ತೆಂದು ತಿಳಿಯಬೇಕಾದರೆ ಸಿಡುಬು ಏನಾಗಿತ್ತೆಂಬುದನ್ನು ನೆನೆಯಬೇಕು. ಅದರ ಉಗ್ರ ರೂಪ ತಗುಲಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸಾಯುತ್ತಿದ್ದರು. ಬದುಕಿದವರ ಮುಖದ ಮೇಲೆ ಕಲೆಗಳು ಉಳಿಯುತ್ತಿದ್ದವು, ಹಲವರ ಕಣ್ಣು ಹೋಗುತ್ತಿತ್ತು. ಅರಮನೆಯೆಂದು ಅದು ಹೊರಗೆ ನಿಲ್ಲಲಿಲ್ಲ: ಇಂಗ್ಲೆಂಡಿನ ರಾಣಿ ಎರಡನೆಯ ಮೇರಿ 1694ರಲ್ಲಿ, ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿ 1774ರಲ್ಲಿ ಇದೇ ರೋಗಕ್ಕೆ ಬಲಿಯಾದರು. 20ನೇ ಶತಮಾನವೊಂದರಲ್ಲೇ, ಲಸಿಕೆ ಲೋಕಕ್ಕೆ ತಿಳಿದು ನೂರು ವರ್ಷ ಕಳೆದ ಮೇಲೂ, ಸುಮಾರು 30 ಕೋಟಿ ಜನ ಸಿಡುಬಿನಿಂದ ಸತ್ತರೆಂಬ ಅಂದಾಜಿದೆ. ಜೆನ್ನರ್ ಹುಟ್ಟಿದ್ದು 1749ರಲ್ಲಿ, ಗ್ಲಾಸ್ಟರ್‌ಶೈರಿನ ಬರ್ಕ್ಲಿ ಎಂಬ ಊರಿನಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಎಂಟು ವರ್ಷದ ಹುಡುಗನಾಗಿದ್ದಾಗ ಅವರಿಗೆ ರೋಗ ತಡೆಯಲೆಂದು ಅಂದಿನ ಪದ್ಧತಿಯಂತೆ ಸಿಡುಬಿನ ಕೀವನ್ನೇ ಚುಚ್ಚಿ ಹಾಕಲಾಯಿತು. ಅದಕ್ಕೆ ಮೊದಲು ರಕ್ತ ತೆಗೆದು, ವಾರಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ಇತರ ಮಕ್ಕಳೊಂದಿಗೆ ಲಾಯದಲ್ಲಿ ಇರಿಸಿದ್ದರು. ಹೀಗಾಗಿ ರೋಗದ ಭಯವನ್ನೂ ದೇವರ ಹೆಸರನ್ನೂ ಅವರು ಒಂದೇ ಬಾಲ್ಯದಲ್ಲಿ ಕಲಿತರು.

ದೈವೇಚ್ಛೆಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಮಂಡಿಸಿದವರು ಎಡ್ಮಂಡ್ ಮ್ಯಾಸಿ ಎಂಬ ಆಂಗ್ಲ ಪಾದ್ರಿ. 1722ರಲ್ಲಿ, ಜೆನ್ನರ್ ಹುಟ್ಟುವ ಮೊದಲೇ, ಲಂಡನ್ನಿನಲ್ಲಿ ಅವರು ಸಿಡುಬು ಚುಚ್ಚುವ ಪದ್ಧತಿಯ ವಿರುದ್ಧ ಪ್ರವಚನ ಮಾಡಿದರು. ರೋಗಗಳನ್ನು ಕಳಿಸುವವನು ದೇವರು, ಅವು ನಂಬಿಕೆಯ ಪರೀಕ್ಷೆಗಾಗಿ ಇಲ್ಲವೇ ಪಾಪದ ಶಿಕ್ಷೆಗಾಗಿ ಬರುತ್ತವೆ, ಅವುಗಳ ಭಯ ಹೋದರೆ ಮನುಷ್ಯ ಧರ್ಮಕ್ಕೆ ಹೆದರುವುದನ್ನೂ ಬಿಡುತ್ತಾನೆ, ಆರೋಗ್ಯವಂತನಿಗೆ ಬೇಕೆಂದೇ ರೋಗ ಕೊಡುವುದು ದೇವರ ಅಧಿಕಾರವನ್ನು ಕಸಿದಂತೆ: ಇದು ಅವರ ವಾದದ ಸಾರ. ಇದನ್ನು ಬರೀ ಅಜ್ಞಾನವೆನ್ನಲಾಗದು. ಬದುಕು ಸಾವು ನಮ್ಮ ಕೈಯಲ್ಲಿಲ್ಲ ಎಂಬ ನಿಜವಾದ ಅರಿವು ಅದರ ಅಡಿಯಲ್ಲಿದೆ. ನಮ್ಮ ನಾಡಿನಲ್ಲೂ ಸಿಡುಬನ್ನು ಅಮ್ಮ ಬಂದಳೆಂದೇ ಕರೆದರು. ಮಾರಿಯಮ್ಮನಿಗೆ ತಂಪು ನೈವೇದ್ಯ ಒಪ್ಪಿಸಿದರು, ರೋಗಿಯ ಹಾಸಿಗೆಯ ಸುತ್ತ ಬೇವಿನ ಸೊಪ್ಪು ಇಟ್ಟರು, ಔಷಧಿ ಕೊಟ್ಟರೆ ದೇವಿ ಮುನಿಯುತ್ತಾಳೆಂದು ಅಂಜಿದರು. ಆದರೆ ಬಂಗಾಳದಲ್ಲಿ ಟೀಕಾದಾರರೆಂಬ ಸಂಚಾರಿಗಳು ಶೀತಲಾದೇವಿಯನ್ನು ಪೂಜಿಸುತ್ತಲೇ ಜನರ ತೋಳಿಗೆ ಸಿಡುಬಿನ ಕೀವನ್ನು ಚುಚ್ಚುತ್ತಿದ್ದರು. ಹಾಲ್‌ವೆಲ್ ಎಂಬ ಆಂಗ್ಲ ವೈದ್ಯರು 1767ರಲ್ಲಿ ಅದನ್ನು ವಿವರವಾಗಿ ದಾಖಲಿಸಿದ್ದಾರೆ. ಆ ಟೀಕಾದಾರರಿಗೆ ಪೂಜೆಗೂ ತಡೆಗೂ ವಿರೋಧ ಕಾಣಲಿಲ್ಲ. ಅಂದರೆ ನಂಬಿಕೆಯೆಂದರೆ ಕೈಕಟ್ಟಿ ಕೂರುವುದೆಂಬ ಸಮೀಕರಣ ನಂಬಿಕೆಯೊಳಗಿನಿಂದ ತಾನಾಗಿ ಹುಟ್ಟುವುದಲ್ಲ.

ಮ್ಯಾಸಿಯವರ ವಾದದ ದೋಷ ಅದು ದೇವರನ್ನು ನಂಬುವುದರಲ್ಲಿಲ್ಲ, ದೇವರ ಇಚ್ಛೆಯನ್ನು ಓದುವ ಕ್ರಮದಲ್ಲಿದೆ. ತಾನಾಗಿ ಬಂದದ್ದೆಲ್ಲ ದೇವರದು, ಮನುಷ್ಯ ಯೋಚಿಸಿ ಮಾಡಿದ್ದು ದೇವರದಲ್ಲ ಎಂದು ಅದು ಮೊದಲೇ ತೀರ್ಮಾನಿಸಿಬಿಡುತ್ತದೆ. ಆ ಲೆಕ್ಕದಲ್ಲಿ ಬರಗಾಲಕ್ಕೆ ಕೆರೆ ಕಟ್ಟುವುದೂ ಹಸಿವಿಗೆ ಅನ್ನ ಬೇಯಿಸುವುದೂ ಅಪರಾಧವಾಗಬೇಕು. ಹಾಗೆ ಯಾವ ಪಾದ್ರಿಯೂ ಹೇಳಲಿಲ್ಲ, ಯಾವ ಪುರೋಹಿತನೂ ಹೇಳಲಿಲ್ಲ. ಅದೇ ಬೈಬಲ್ಲನ್ನು ಓದಿದ ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ 1721ರಲ್ಲಿ ಇದಕ್ಕೆ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದರು. ಆಫ್ರಿಕದಿಂದ ತಂದು ಅವರ ಮನೆಯಲ್ಲಿ ಗುಲಾಮನಾಗಿ ಇರಿಸಲಾಗಿದ್ದ ಒನೆಸಿಮಸ್ ತನ್ನ ನಾಡಿನಲ್ಲಿ ಕೀವು ಚುಚ್ಚಿ ರೋಗ ತಡೆಯುತ್ತಾರೆಂದು ಅವರಿಗೆ ತಿಳಿಸಿದ್ದ. ಮೇದರ್ ಅದನ್ನು ನಂಬಿದರು, ಝಾಬ್ದಿಯೆಲ್ ಬಾಯ್ಲ್‌ಸ್ಟನ್ ಎಂಬ ವೈದ್ಯರನ್ನು ಒಪ್ಪಿಸಿದರು. ಊರು ಕೆರಳಿತು, ಮೇದರರ ಮನೆಗೆ ಬಾಂಬು ಎಸೆದರು. ಆದರೆ ಅವರು ಎಣಿಸುವುದನ್ನು ಬಿಡಲಿಲ್ಲ. ಆ ಪಿಡುಗಿನಲ್ಲಿ ಸಹಜವಾಗಿ ಸಿಡುಬು ತಗುಲಿದ ಸುಮಾರು 5,900 ಜನರಲ್ಲಿ 840ಕ್ಕೂ ಹೆಚ್ಚು ಜನ ಸತ್ತರು, ಅಂದರೆ ಏಳರಲ್ಲಿ ಒಬ್ಬರು. ಚುಚ್ಚಿಸಿಕೊಂಡ ಸುಮಾರು 240 ಜನರಲ್ಲಿ ಸತ್ತವರು ಆರು. ಈ ಎಣಿಕೆ ಧರ್ಮದ ಹೊರಗಿನ ಕೆಲಸವಲ್ಲ. ಸೃಷ್ಟಿಗೆ ಒಂದು ಕ್ರಮವಿದೆ, ಆ ಕ್ರಮ ಮನುಷ್ಯನ ಬುದ್ಧಿಗೆ ನಿಲುಕುತ್ತದೆ ಎಂದು ನಂಬಿದವನಿಗೆ ಸತ್ತವರನ್ನೂ ಉಳಿದವರನ್ನೂ ಪ್ರಾಮಾಣಿಕವಾಗಿ ಎಣಿಸುವುದು ಆ ಕ್ರಮಕ್ಕೆ ತಲೆಬಾಗುವ ಒಂದು ವಿಧಾನ. ದೇವರ ಇಚ್ಛೆ ಏನೆಂದು ತಿಳಿಯಲು ರೋಗ ಬರುವವರೆಗೆ ಕಾಯುವುದೊಂದೇ ದಾರಿಯಲ್ಲ. ರೋಗ ತಡೆಯುವ ಗುಣವೂ ಅದೇ ಸೃಷ್ಟಿಯಲ್ಲೇ ಇದೆ.

ಇನ್ನು ಜೆನ್ನರರ ಶೋಧವನ್ನೇ ನೋಡೋಣ. ಹಸುವಿನ ಸಿಡುಬು ತಗುಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂಬ ತಿಳಿವಳಿಕೆ ಅವರದಲ್ಲ. ಅದು ಹಾಲು ಕರೆಯುವ ಹೆಣ್ಣುಮಕ್ಕಳದು. ಅದನ್ನು ಮೊದಲು ಪ್ರಯೋಗಿಸಿದ ಕೀರ್ತಿಯೂ ಅವರದಲ್ಲ; ಡಾರ್ಸೆಟ್ಟಿನ ರೈತ ಬೆಂಜಮಿನ್ ಜೆಸ್ಟಿ 1774ರಲ್ಲೇ ತನ್ನ ಹೆಂಡತಿಗೂ ಇಬ್ಬರು ಮಕ್ಕಳಿಗೂ ಹಸುವಿನ ಕೀವು ಚುಚ್ಚಿದ್ದ. ಬರೀ ಊಹಿಸುತ್ತ ಕೂರದೆ ಪ್ರಯೋಗ ಮಾಡಿ ನೋಡಬೇಕೆಂಬ ಶಿಸ್ತು ಗುರು ಜಾನ್ ಹಂಟರ್ ಅವರಿಂದ ಬಂದದ್ದು. 1796ರ ಮೇ 14ರಂದು ಜೆನ್ನರ್ ಬಳಸಿದ ಕೀವು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವವಳ ಕೈಯ ಗುಳ್ಳೆಯದು. ಅದು ಅವಳಿಗೆ ಬಂದದ್ದು ಒಂದು ಹಸುವಿನ ಕೆಚ್ಚಲಿನಿಂದ. ಅದನ್ನು ಪಡೆದ ತೋಳು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನದು. ಜುಲೈ 1ರಂದು ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವು ಚುಚ್ಚಿದಾಗ ರೋಗ ಬರಲಿಲ್ಲ. ಹಾಗಾದರೆ ಜೆನ್ನರ್ ಮಾಡಿದ್ದೇನು? ಕೇಳಿದ ಮಾತನ್ನು ಪರೀಕ್ಷೆಗೆ ಒಡ್ಡಿದರು, ಫಲವನ್ನು ಬರೆದಿಟ್ಟರು, ರಾಯಲ್ ಸೊಸೈಟಿ ಅವರ ಲೇಖನವನ್ನು ಪ್ರಕಟಿಸದೇ ಹೋದಾಗ ಇನ್ನಷ್ಟು ಸಾಕ್ಷ್ಯ ಕೂಡಿಸಿ 1798ರಲ್ಲಿ 23 ಪ್ರಕರಣಗಳ ಪುಸ್ತಕವನ್ನು ತಾವೇ ಹೊರತಂದರು, ಕೇಳಿದವರಿಗೆಲ್ಲ ಕೀವು ಕಳಿಸಿದರು. ಇದು ಸಣ್ಣ ಕೆಲಸವಲ್ಲ. ಇದಿಲ್ಲದೆ ಜೆಸ್ಟಿಯ ಧೈರ್ಯ ಒಂದು ಮನೆಯ ಆಚೆ ಹೋಗಿರಲಿಲ್ಲ. ಆದರೆ ಇದು ಇಡೀ ಕೆಲಸವೂ ಅಲ್ಲ. ತಾನು ಏನೂ ಮಾಡಲಿಲ್ಲವೆಂದರೆ ಸುಳ್ಳು, ಎಲ್ಲವನ್ನೂ ತಾನೇ ಮಾಡಿದೆನೆಂದರೆ ದೊಡ್ಡ ಸುಳ್ಳು. ತನ್ನ ಮೂಲಕ ನಡೆಯಿತು ಎಂಬ ಮಾತೊಂದೇ ಇಲ್ಲಿ ಸತ್ಯಕ್ಕೆ ಸರಿಹೊಂದುತ್ತದೆ.

ಲಸಿಕೆ ಲೋಕವನ್ನು ಸುತ್ತಿದ ರೀತಿ ಈ ಸತ್ಯವನ್ನು ಇನ್ನಷ್ಟು ಸ್ಪಷ್ಟಮಾಡುತ್ತದೆ. ಆಗ ಲಸಿಕೆಯನ್ನು ಬಹುಕಾಲ ಕೆಡದಂತೆ ಇಡುವ ದಾರಿ ಇರಲಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಎಂಟನೆಯ ದಿನದ ಹೊತ್ತಿಗೆ ಇನ್ನೊಬ್ಬನ ತೋಳಿಗೆ ಹಾಕಬೇಕಿತ್ತು. ವಿಯೆನ್ನಾದಿಂದ ಹೊರಟ ಆ ರಸ ಬಾಗ್ದಾದ್, ಬಸ್ರಾಗಳ ಮೂಲಕ ಮುಂಬಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಹೆಣ್ಣುಮಗುವೊಂದು ಭಾರತದಲ್ಲೇ ಮೊದಲು ಅದನ್ನು ಪಡೆಯಿತು, ಆ ಮಗುವಿನ ತೋಳಿನಿಂದ ದೇಶದ ಇತರ ಭಾಗಗಳಿಗೆ ಅದು ಹರಡಿತು. ಕೆಲವೇ ವರ್ಷಗಳಲ್ಲಿ ಅದು ಮೈಸೂರಿನ ಅರಮನೆಯನ್ನೂ ಮುಟ್ಟಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೀರೆಯ ಸೆರಗು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಅದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುವ ಭಂಗಿಯೆಂದು ಇತಿಹಾಸಕಾರರು ಅರ್ಥೈಸಿದ್ದಾರೆ. ಆ ಕಾಲದಲ್ಲಿ ರಕ್ಷಣೆ ಪಡೆದವರೆಲ್ಲ ಅದನ್ನು ಇನ್ನೊಬ್ಬರ ಮೈಯಿಂದಲೇ ಪಡೆದರು, ಮುಂದಿನವರಿಗೆ ತಮ್ಮ ಮೈಯಿಂದಲೇ ಕೊಟ್ಟರು. ಮನುಷ್ಯ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತೇ ಹುಟ್ಟುತ್ತಾನೆಂಬುದು ನಮ್ಮ ಪರಂಪರೆಯ ಹಳೆಯ ಮಾತು. ಲಸಿಕೆಯ ಈ ಸರಪಳಿಯಲ್ಲಿ ಋಣವೆಂಬುದು ಕಲ್ಪನೆಯಾಗಿ ಉಳಿಯಲಿಲ್ಲ, ತೋಳಿನ ಮೇಲಿನ ಕಲೆಯಾಗಿ ಕಾಣಿಸಿತು.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ. ಲಸಿಕೆಗಾಗಿ ದೇವರಿಗೆ ವಂದಿಸುವವನು ಸಿಡುಬಿಗಾಗಿ ಯಾರನ್ನು ಹೊಣೆ ಮಾಡುತ್ತಾನೆ? ಸಾವಿರಾರು ವರ್ಷ ಮಕ್ಕಳನ್ನು ಕೊಂದ ರೋಗವೂ ಅದೇ ಸೃಷ್ಟಿಯದಲ್ಲವೇ? ಈ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ, ಇದೆಯೆಂದು ನಟಿಸುವುದು ಸತ್ತ ಮಕ್ಕಳಿಗೆ ಮಾಡುವ ಅವಮಾನ. ಆದರೆ ಕೃತಜ್ಞತೆ ಕೇಡಿನ ವಿವರಣೆಯಲ್ಲ, ಹಾಗೆಂದು ಅದು ಹೇಳಿಕೊಳ್ಳುವುದೂ ಇಲ್ಲ. ನೋವು ಏಕೆ ಬಂತೆಂದು ಬಲ್ಲೆನೆನ್ನುವುದು ಒಂದು, ನೋವಿಗೆ ಸಿಕ್ಕ ಪರಿಹಾರ ನನ್ನ ಸೃಷ್ಟಿಯಲ್ಲವೆಂದು ಒಪ್ಪುವುದು ಇನ್ನೊಂದು. ಮ್ಯಾಸಿ ತಮ್ಮ ಪ್ರವಚನಕ್ಕೆ ಆಧಾರವಾಗಿ ಆರಿಸಿಕೊಂಡದ್ದು ಬೈಬಲ್ಲಿನ ಯೋಬನ ಕಥೆಯನ್ನು, ಅವನ ಮೈತುಂಬ ಹುಣ್ಣೆದ್ದ ಪ್ರಸಂಗವನ್ನು. ಆ ಗ್ರಂಥವನ್ನು ಕೊನೆಯವರೆಗೆ ಓದಿದರೆ ಕಾಣುವುದು ಬೇರೆಯೇ. ಅಲ್ಲಿ ಹುಣ್ಣು ತಂದವನು ಸೈತಾನ, ದೇವರ ಅನುಮತಿ ಪಡೆದು. ಯೋಬನ ಗೆಳೆಯರು ಬಂದು ಇದು ನಿನ್ನ ಪಾಪದ ಫಲವೆಂದು ವಾದಿಸುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ಕಾರಣ ಹೇಳಿದ ಗೆಳೆಯರ ಮೇಲೆ. ನರಳುವವನ ಎದುರು ನಿಂತು ಅವನ ನರಳಿಕೆಗೆ ಕಾರಣ ಹೇಳುವ ಹಕ್ಕು ನಮಗಿಲ್ಲವೆಂಬುದು ಆ ಗ್ರಂಥದ ತೀರ್ಪು. ನರಳುವವನ ನೋವನ್ನು ಇಳಿಸುವ ಕರ್ತವ್ಯವನ್ನು ಅದು ಎಲ್ಲಿಯೂ ನಿಷೇಧಿಸಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಹರಿತವಾದುದು. ನಾನು ಸಾಧನ ಮಾತ್ರ ಎಂದವನು ತನ್ನ ಕೃತ್ಯದ ಹೊಣೆಯನ್ನು ದೇವರ ಮೇಲೆ ಹಾಕಿ ಪಾರಾಗಬಹುದಲ್ಲವೇ? ಫಿಪ್ಸ್ ತೋಟಗಾರನ ಮಗ. ಅವನ ತೋಳಿಗೆ ಏನು ಹಾಕುತ್ತಿದ್ದಾರೆಂದು ತೂಗಿ ನೋಡುವ ವಯಸ್ಸು ಅವನದಲ್ಲ. 1803ರಲ್ಲಿ ಸ್ಪೇನಿನ ವೈದ್ಯ ಬಾಲ್ಮಿಸ್ ಅಮೆರಿಕ ಖಂಡಕ್ಕೆ ಲಸಿಕೆ ಒಯ್ದದ್ದು 22 ಅನಾಥ ಹುಡುಗರ ತೋಳುಗಳಲ್ಲಿ, ಹಡಗಿನಲ್ಲಿ ಇಬ್ಬರಿಬ್ಬರಿಗೆ ಸರದಿಯ ಮೇಲೆ ಚುಚ್ಚುತ್ತ. ಆ ಕಾಲದಲ್ಲಿ ಸಿಡುಬಿನ ಕೀವು ಚುಚ್ಚುವುದು ರೂಢಿಯಲ್ಲಿತ್ತು, ಫಿಪ್ಸನಿಗೆ ಒಡ್ಡಿದ ಅಪಾಯ ಅಂದಿನ ಬೇರೆ ಮಕ್ಕಳಿಗೆ ಇದ್ದುದಕ್ಕಿಂತ ವಿಪರೀತವಾಗಿರಲಿಲ್ಲ ಎಂದು ಹೇಳಬಹುದು. ಅದು ನಿಜ, ಆದರೆ ಅಷ್ಟೇ ಸಾಲದು. ಬಡವರ ಮಕ್ಕಳೇ, ಅನಾಥರೇ ಏಕೆ ಮುಂದೆ ನಿಲ್ಲಬೇಕಾಯಿತೆಂಬ ಪ್ರಶ್ನೆ ಉಳಿಯುತ್ತದೆ. ನಿಮಿತ್ತಭಾವವನ್ನು ಹೊಣೆ ಕಳಚಿಕೊಳ್ಳಲು ಬಳಸಿದವರು ಚರಿತ್ರೆಯಲ್ಲಿ ಬಹಳ ಮಂದಿ. ಯುದ್ಧಗಳನ್ನೂ ಅದೇ ಹೆಸರಿನಲ್ಲಿ ಮಾಡಿದ್ದಾರೆ. ಆದ್ದರಿಂದ ನಿಜವಾದ ನಿಮಿತ್ತಭಾವವನ್ನು ಗುರುತಿಸಲು ಒಂದು ಪರೀಕ್ಷೆ ಬೇಕು: ಅದು ಕರ್ತೃವಿನ ಹೆಗಲ ಭಾರವನ್ನು ಇಳಿಸುತ್ತದೋ ಹೆಚ್ಚಿಸುತ್ತದೋ? ಕೀರ್ತಿ ದೇವರದು, ತಪ್ಪೂ ದೇವರದು ಎನ್ನುವುದು ಜಾರಿಕೆ. ಕೀರ್ತಿ ನನ್ನದಲ್ಲ, ಋಣ ಮಾತ್ರ ನನ್ನದು ಎನ್ನುವುದು ಸಾಚಾ. ಜೆನ್ನರ್ ಫಿಪ್ಸನಿಗೆ ಬಾಡಿಗೆಯಿಲ್ಲದೆ ಮನೆಯೊಂದನ್ನು ಬಿಟ್ಟುಕೊಟ್ಟರು. ತಮ್ಮ ತೋಟದ ಗುಡಿಸಲಿನಲ್ಲಿ ಊರಿನ ಬಡವರಿಗೆ ಹಣವಿಲ್ಲದೆ ಲಸಿಕೆ ಹಾಕಿದರು. ಶೋಧವನ್ನು ಗುಟ್ಟಾಗಿಟ್ಟು ಐಶ್ವರ್ಯ ಗಳಿಸಬಹುದಿತ್ತು. ಅವರು ಅದನ್ನು ಎಲ್ಲರಿಗೂ ತೆರೆದಿಟ್ಟರು. ಸಂಸತ್ತು 1802ರಲ್ಲಿ 10,000 ಪೌಂಡುಗಳನ್ನೂ 1807ರಲ್ಲಿ 20,000 ಪೌಂಡುಗಳನ್ನೂ ಕೊಟ್ಟದ್ದು ಆಮೇಲಿನ ಮಾತು. ತನ್ನದಲ್ಲದ್ದನ್ನು ಮಾರುವಂತಿಲ್ಲ ಎಂಬ ತಿಳಿವಳಿಕೆಯಿಂದ ಇಂಥ ನಡತೆ ಸಹಜವಾಗಿ ಹೊರಡುತ್ತದೆ.

ಮೂರನೆಯ ಆಕ್ಷೇಪ ಆತ್ಮಸಾಕ್ಷಿಯದು. ಇದನ್ನು ಎತ್ತಿದವರಲ್ಲಿ ಗಾಂಧೀಜಿಯೂ ಇದ್ದಾರೆಂಬ ಕಾರಣಕ್ಕೇ ಇದನ್ನು ಗೌರವದಿಂದ ಕೇಳಬೇಕು. 1913ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಲೇಖನಗಳಲ್ಲಿ ಅವರು ಸಿಡುಬಿನ ಲಸಿಕೆಯನ್ನು ಕಟುವಾಗಿ ಖಂಡಿಸಿದರು. ಹಸುವಿನ ಮೈಯ ಕೀವನ್ನು ಮನುಷ್ಯನ ರಕ್ತಕ್ಕೆ ಸೇರಿಸುವುದು ಅಶುಚಿ, ಅದಕ್ಕಾಗಿ ಮೂಕ ಪ್ರಾಣಿಯನ್ನು ಹಿಂಸಿಸುವುದು ಅಧರ್ಮ ಎಂಬುದು ಅವರ ನಿಲುವು. ಇಂಗ್ಲೆಂಡಿನಲ್ಲೂ 1853ರ ಕಾನೂನು ಹಸುಗೂಸುಗಳಿಗೆ ಲಸಿಕೆಯನ್ನು ಕಡ್ಡಾಯ ಮಾಡಿದಾಗ ಬಡ ಕೆಲಸಗಾರರು ದಂಡ ತೆತ್ತರು, ಜೈಲಿಗೂ ಹೋದರು. ಕೊನೆಗೆ 1898ರಲ್ಲಿ ಆತ್ಮಸಾಕ್ಷಿ ಒಪ್ಪದ ತಂದೆತಾಯಿಗಳಿಗೆ ವಿನಾಯಿತಿ ಕೊಡಲಾಯಿತು. ಕರುಗಳ ಹೊಟ್ಟೆಯ ಚರ್ಮವನ್ನು ಗೀರಿ ಲಸಿಕೆ ಬೆಳೆಸಿದ್ದು ನಿಜ, ಆ ಪ್ರಾಣಿಗಳ ನೋವೂ ಈ ಋಣದ ಒಂದು ಭಾಗ. ನಂಬಿಕೆಯುಳ್ಳವರನ್ನು ಜೈಲಿಗೆ ಹಾಕಿ ಅವರ ಮಕ್ಕಳನ್ನು ಉಳಿಸುವುದು ಒಳ್ಳೆಯ ದಾರಿಯಲ್ಲವೆಂಬುದೂ ನಿಜ. ಆದರೂ ಈ ವಾದ ಒಂದು ಕಡೆ ಸೋಲುತ್ತದೆ. ನನ್ನ ದೇಹ ನನ್ನದು, ಅದರ ಶುಚಿ ನನ್ನ ಸಾಧನೆ ಎಂದು ಅದು ಭಾವಿಸುತ್ತದೆ. ಸಿಡುಬು ಹಾಗೆ ಭಾವಿಸುವುದಿಲ್ಲ. ಅದಕ್ಕೆ ಒಬ್ಬನ ದೇಹ ಇನ್ನೊಬ್ಬನನ್ನು ತಲುಪುವ ದಾರಿ. ನನ್ನ ಉಸಿರಿನಿಂದ ಪಕ್ಕದ ಮನೆಯ ಕೂಸಿಗೆ ಸಾವು ತಲುಪಬಹುದಾದಾಗ ಅಹಿಂಸೆಯ ವ್ರತ ನನ್ನ ಚರ್ಮದ ಗಡಿಯಲ್ಲಿ ನಿಲ್ಲಲಾರದು. ಕೊಲ್ಲದಿರುವುದೆಂದರೆ ಕೊಲೆಯ ದಾರಿಯಾಗದಿರುವುದೂ ಹೌದು. ಗಾಂಧೀಜಿಯ ಅಹಿಂಸೆಯನ್ನು ಅದರ ಪೂರ್ಣ ಅರ್ಥದಲ್ಲಿ ಹಿಡಿದರೆ ಅದು ಅವರ ಈ ಲೇಖನಗಳನ್ನು ಮೀರಿ ಹೋಗುತ್ತದೆ.

ಕೊನೆಯ ಆಕ್ಷೇಪ ದೇವರನ್ನು ನಂಬದವರದು. ಹಾಲು ಕರೆಯುವವರಿಗೆ, ಹಂಟರ್‌ಗೆ, ಫಿಪ್ಸನಿಗೆ ವಂದಿಸಿದರೆ ಸಾಕು, ಆಚೆಗೆ ಇನ್ನೊಬ್ಬನೇಕೆ ಎಂದು ಅವರು ಕೇಳುತ್ತಾರೆ. ಋಣದ ಅರಿವು ಇರುವಲ್ಲಿ ಈ ವಾದದ ಮುಕ್ಕಾಲು ಪಾಲು ನಿಂತೇ ಇರುತ್ತದೆ. ದೇವರನ್ನು ನಂಬದವನೂ ನಿಮಿತ್ತನಾಗಿ ಬದುಕಬಲ್ಲ. ಆದರೂ ಜೆನ್ನರ್ ಮನುಷ್ಯರ ಆಚೆಗೆ ನೋಡಿದ್ದಕ್ಕೆ ಕಾರಣವಿದೆ. ಹಸುವಿನ ಸೌಮ್ಯ ರೋಗಕ್ಕೂ ಮನುಷ್ಯನ ಘೋರ ರೋಗಕ್ಕೂ ಒಳಗೊಳಗೇ ಇರುವ ನಂಟನ್ನು, ಒಂದನ್ನು ಎದುರಿಸಿದ ದೇಹ ಇನ್ನೊಂದನ್ನು ಗುರುತು ಹಿಡಿಯುವ ಶಕ್ತಿಯನ್ನು ಯಾವ ಮನುಷ್ಯನೂ ಇಟ್ಟವನಲ್ಲ. ಜೆನ್ನರ್‌ಗೆ ವೈರಾಣು ಎಂಬುದೇ ಗೊತ್ತಿರಲಿಲ್ಲ. ತಾವು ಬಳಸಿದ್ದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆಯೇ ಅವರು ಅದನ್ನು ಬಳಸಿದರು. ಒಮ್ಮೆ ಹಾಕಿದ ಲಸಿಕೆ ಜೀವಮಾನವಿಡೀ ಕಾಯುತ್ತದೆಂದು ನಂಬಿದರು. ಅದು ತಪ್ಪೆಂದೂ ಮತ್ತೆ ಮತ್ತೆ ಹಾಕಬೇಕೆಂದೂ ಮುಂದಿನ ಪೀಳಿಗೆ ಕಂಡುಕೊಂಡಿತು. ಸಾಧನವಾದವನು ತಪ್ಪಬಹುದು, ತಿದ್ದಿಸಿಕೊಳ್ಳಬಹುದು. ಶೋಧದ ಒಡೆಯನೆಂದು ಕೂತವನಿಗೆ ತಿದ್ದುಪಡಿಯೆಲ್ಲ ಸೋಲಾಗಿ ಕಾಣುತ್ತದೆ. ಮನುಷ್ಯರ ಆಚೆಗೆ ಒಂದು ವಂದನೆಯನ್ನು ಉಳಿಸಿಕೊಳ್ಳುವುದೆಂದರೆ ನಮಗೆ ತಿಳಿದದ್ದಕ್ಕಿಂತ ನಮಗೆ ಸಿಕ್ಕದ್ದು ದೊಡ್ಡದೆಂದು ಒಪ್ಪುವುದು. ವಿಜ್ಞಾನ ಮುಂದೆ ಹೋಗಲು ಬೇಕಾದ ಮನೋಭಾವವೂ ಇದೇ.

ಲಸಿಕೆ ಹಾಕುವ ಆಚರಣೆಯ ಕೊನೆಯ ಫಲ ಸಿಡುಬಿನ ನಿರ್ಮೂಲನವೇ ಆಗುತ್ತದೆಂದು ಜೆನ್ನರ್ 1801ರಲ್ಲೇ ಬರೆದರು. ಅದು ನಿಜವಾಗಲು ಸುಮಾರು 180 ವರ್ಷ ಹಿಡಿಯಿತು. 1958ರಲ್ಲಿ ಸೋವಿಯತ್ ವೈದ್ಯ ವಿಕ್ಟರ್ ಝ್ದಾನೊವ್ ವಿಶ್ವ ಆರೋಗ್ಯ ಸಂಸ್ಥೆಯ ಮುಂದೆ ನಿರ್ಮೂಲನದ ಪ್ರಸ್ತಾಪ ಇಟ್ಟರು. 1967ರಿಂದ ಆ ಅಭಿಯಾನಕ್ಕೆ ಹೊಸ ವೇಗ ಬಂದಾಗ ಅದನ್ನು ನಡೆಸಿದವರು ಅಮೆರಿಕದ ಡೊನಾಲ್ಡ್ ಹೆಂಡರ್ಸನ್. ಒಂದನ್ನೊಂದು ನಾಶಮಾಡಲು ಅಸ್ತ್ರ ಕೂಡಿಡುತ್ತಿದ್ದ ಎರಡು ದೇಶಗಳು ಈ ಒಂದು ಕೆಲಸದಲ್ಲಿ ಜೊತೆಯಾದವು. 1974ರಲ್ಲಿ ಬಿಹಾರದಲ್ಲಿ ಸಾವಿರಾರು ಜನರನ್ನು ಕೊಂದ ಸಿಡುಬು ಮರುವರ್ಷವೇ ಭಾರತದಿಂದ ಅಳಿಯಿತು, ಏಕೆಂದರೆ ಅಸಂಖ್ಯ ಆರೋಗ್ಯ ಕಾರ್ಯಕರ್ತರು ಮನೆಮನೆಯ ಬಾಗಿಲು ತಟ್ಟಿ ರೋಗಿಗಳನ್ನು ಹುಡುಕಿ ಅವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. 1980ರ ಮೇ 8ರಂದು ಲೋಕ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಈ ಕೆಲಸ ಮುಗಿಸಿದವರು ಯಾರೆಂದು ಕೇಳಿದರೆ ಒಬ್ಬರ ಕಡೆ ಬೆರಳು ಮಾಡಲಾಗದು. ಎಲ್ಲರ ಮೂಲಕವೂ ಅದು ನಡೆಯಿತು. ಜೆನ್ನರ್ ತಮ್ಮ ಬಗ್ಗೆ ಹೇಳಿದ ಮಾತು ಹೀಗೆ ಇಡೀ ಮನುಕುಲಕ್ಕೆ ಅನ್ವಯಿಸಿತು. ಆದ್ದರಿಂದ ಕೃತಜ್ಞತೆಯನ್ನು ನಾವು ಮನಸ್ಸಿನ ಒಂದು ಮಧುರ ಭಾವವಾಗಿ ಮಾತ್ರ ಉಳಿಸಿಕೊಳ್ಳಬಾರದು. ಅದಕ್ಕೆ ಷರತ್ತುಗಳಿವೆ. ಪಡೆದದ್ದನ್ನು ಬಚ್ಚಿಡದಿರುವುದು, ಮುಂದೆ ನಿಂತು ಅಪಾಯ ಹೊತ್ತ ದುರ್ಬಲರನ್ನು ಮರೆಯದಿರುವುದು, ದೇವರ ಹೆಸರಿನಲ್ಲಾಗಲಿ ವಿಜ್ಞಾನದ ಹೆಸರಿನಲ್ಲಾಗಲಿ ಇನ್ನೊಬ್ಬರ ನರಳಿಕೆಗೆ ಸಮರ್ಥನೆ ಹುಡುಕದಿರುವುದು, ತಿದ್ದಿಸಿಕೊಳ್ಳಲು ಸಿದ್ಧರಿರುವುದು. ಇವುಗಳನ್ನು ಪಾಲಿಸುವವನ ವಂದನೆ ಯಾವ ದೇವರಿಗೆ ಸಲ್ಲುತ್ತದೆಂಬ ಜಗಳ ಆಮೇಲೂ ನಡೆಯಬಹುದು; ಅದು ಸಲ್ಲಬೇಕಾದ ಮನುಷ್ಯರಿಗೆ ಮಾತ್ರ ಆಗಲೇ ಸಂದಿರುತ್ತದೆ.